ಮರೆತದ್ದೋ, ನೆಟ್ಟದ್ದೋ

ಏನು ಕಂಡೆ ಅಂತ ಮಾಣಿಕಟ್ಟೆಯೆಲ್ಲ ಕೇಳಿತು, ಗಣಪು,
ನೀನೊಬ್ಬ ಕೇಳಲಿಲ್ಲ.
ಪದ್ಮಿಗೆ ವಿಮಾನದ ಕಥೆ ಬೇಕಿತ್ತು,
ಸಂಘದವರಿಗೆ ಫೋಟೊ,
ಮೊಮ್ಮಗಳಿಗೆ ಚಾಕ್ಲೇಟು ಸುತ್ತಿದ ಬೆಳ್ಳಿಕಾಗದ.
ನಿನಗೆ ಹೇಳಬೇಕಾದದ್ದು ಬೇರೆ.
ಅದಕ್ಕೇ ಈ ಸಂಜೆ ಗಜನಿಕಟ್ಟೆಯ ಮೇಲೆ ಬಂದು ಕೂತಿದ್ದೇನೆ.
ಜಂತ್ರಡಿಯ ಹಲಗೆಸಂದಿಯಲ್ಲಿ ಅಘನಾಶಿನಿ
ಹಲ್ಲಿಲ್ಲದ ಮುದುಕಿಯ ಹಾಗೆ ಏನೋ ಜಗಿಯುತ್ತಿದೆ.

ಜರ್ಮನಿಯ ಬಡಗಣ ಅಂಚು, ಫ್ರೀಸ್‌ಲಾಂಡ್ ಅನ್ನು.
ಅದೂ ನಮ್ಮ ಹಾಗೇ ಉಬ್ಬರಕ್ಕಿಂತ ತಗ್ಗಿನ ಊರು.
ಗುಡ್ಡ ಇಲ್ಲ. ಗುಡ್ಡ ಅಂದರೆ ಅವರೇ ಕಟ್ಟಿದ ಕಟ್ಟೆ,
ನಮ್ಮ ಮೂರು ಕಟ್ಟೆ ಒಂದರ ಮೇಲೊಂದು ಇಟ್ಟಷ್ಟು ಎತ್ತರ,
ಮೈತುಂಬ ಹುಲ್ಲು, ಹುಲ್ಲಿನ ತುಂಬ ಕುರಿ.
ಕುರಿ ಯಾಕೆ ಅಂದೆ.
ಮೇಯುತ್ತ ಮೇಯುತ್ತ ಗೊರಸಿನಲ್ಲೇ ಮಣ್ಣು ಗಟ್ಟಿ ಮಾಡುತ್ತವಂತೆ,
ಸಂಬಳ ಕೇಳದ ಆಳುಗಳು.

ನನ್ನ ಮಾತು ಎರಡು ದೋಣಿ ಬದಲಿಸಿ ಹೋಗಬೇಕಿತ್ತು:
ವಿದ್ಯಾಧರ ಇಂಗ್ಲಿಷಿನ ದಡಕ್ಕೆ ಬಿಡುವುದು,
ಅಲ್ಲಿಂದ ಒಂದು ಹುಡುಗಿ ಜರ್ಮನಿಗೆ.
ಆಮೇಲೂ ಆ ಜನ ತಮ್ಮೊಳಗೆ ಇನ್ನೊಂದು ಮಾತಾಡುತ್ತಾರೆ,
ಹುಡುಗಿಗೂ ತಿಳಿಯದ್ದು,
ಹಳೆಯ ಕಂಬಳಿಯಷ್ಟು ಒರಟು, ಅಷ್ಟೇ ಬೆಚ್ಚಗೆ.
ಬೆಳಿಗ್ಗೆ ‘ಮೊಯಿನ್’. ಮಧ್ಯಾಹ್ನ ‘ಮೊಯಿನ್’.
ರಾತ್ರಿ ಎದುರಾದರೂ ‘ಮೊಯಿನ್’.
ಒಂದೇ ಪದದಲ್ಲಿ ದಿನ ದೂಡುವ ಜನ.
ನಾನು ‘ಊಟ ಆಯ್ತಾ’ ಅಂದದ್ದಕ್ಕೆ
ಕುರಿ ಕಾಯುವ ಒನ್ನೊ ಗಡಿಯಾರ ನೋಡಿ, ಯೋಚಿಸಿ,
ಏನೇನು ತಿಂದೆ ಅಂತ ಲೆಕ್ಕ ಒಪ್ಪಿಸಿದ.

ನಮಗೆ ಕೋಣೆ ಕೊಟ್ಟವಳು ಗೇಶೆ.
ಎಂಬತ್ತಾರು ವರ್ಷ. ಸೈಕಲ್ ಹೊಡೆಯುತ್ತಾಳೆ.
ಬೆಳಕು ತೂರುವಷ್ಟು ತೆಳು ಪಿಂಗಾಣಿ ಕಪ್,
ತಳದಲ್ಲಿ ಒಂದು ಹರಳು ಕಲ್ಲುಸಕ್ಕರೆ,
ಬಿಸಿ ಚಾ ಬಿದ್ದರೆ ಚಟ್ಟನೆ ಸೀಳುವ ಸದ್ದು,
ಕೇಳು ಅಂತ ಕಿವಿ ಮುಟ್ಟಿ ತೋರಿಸುತ್ತಾಳೆ.
ಅಂಚಿನಿಂದ ಒಂದು ಹನಿ ಕೆನೆ. ಕಲಕಬಾರದು.
ಸಾಕು ಅಂದೆ, ಕನ್ನಡದಲ್ಲಿ. ಸುರಿದಳು.
ಕೈ ಅಡ್ಡ ಹಿಡಿದೆ. ನಕ್ಕು, ಬೆರಳಸಂದಿಯಲ್ಲಿ ಸುರಿದಳು.
ಏಳನೆಯ ಕಪ್ಪಿಗೆ ಆ ಹುಡುಗಿ ಓಡಿಬಂದು ಹೇಳಿದಳು:
ಚಮಚ ಕಪ್ಪಿನೊಳಗೆ ಇಟ್ಟರೆ ಮಾತ್ರ
ಸಾಕು ಅಂತ ಅರ್ಥ.

ಮೂರು ದಿನ ಯಂತ್ರ ತೋರಿಸಿದರು, ನಕಾಶೆ ತೋರಿಸಿದರು,
ನಾನು ತಿಳಿದವಳ ಹಾಗೆ ತಲೆ ಆಡಿಸಿದೆ.
ನಾಲ್ಕನೆಯ ದಿನ ಇಳಿತ.
ಕಡಲು ಕಣ್ಣಿಗೆ ಸಿಗದಷ್ಟು ದೂರ ಹೋಗಿ
ಬರೇ ಕೆಸರು, ಬೂದಿಬಣ್ಣ, ಗುಳುಗುಳು ಉಸಿರಾಡುವ ಕೆಸರು.
ವಾಸನೆ ಬಂತು, ಗಣಪು. ಅದೇ ವಾಸನೆ.
ಚಪ್ಪಲಿ ಬಿಟ್ಟು, ಸೀರೆ ಎತ್ತಿಕಟ್ಟಿ, ಇಳಿದೇಬಿಟ್ಟೆ.
ತಣ್ಣಗೆ ಅಂದರೆ ಮೂಳೆಗೆ ಸೂಜಿ.
ಆದರೂ ಹೆಬ್ಬೆರಳಿಗೆ ಮರೆವಿಲ್ಲವಲ್ಲ,
ತಡಕಿತು, ಸಿಕ್ಕಿತು: ನಮ್ಮ ಬಳಚಿನ ದಾಯಾದಿ,
ದುಂಡಗೆ, ಬೆನ್ನ ಮೇಲೆ ಗೆರೆ ಗೆರೆ.
ಸೆರಗಿಗೆ ಹತ್ತು ಬೀಳುವಷ್ಟರಲ್ಲಿ ಹಿಂದೆ ಪಚಕ್ ಸದ್ದು.
ಒನ್ನೊ ಬೂಟು ಕಳಚಿದ್ದ.
ಬಿಸಿಲು ಕಾಣದ ಆ ಬಿಳಿ ಪಾದ
ಹೆಂಡತಿಗೂ ತೋರಿಸಿರಲಿಕ್ಕಿಲ್ಲ.
ಅಂದಿನಿಂದ ನಮಗೆ ದೋಣಿ ಬೇಕಾಗಲಿಲ್ಲ.

ಇನ್ನು ಕೇಳು. ಹೊರಡುವ ಹಿಂದಿನ ರಾತ್ರಿ ಗೇಶೆ ಹೇಳಿದ್ದು.
ಅವಳಜ್ಜಿಯ ಅಜ್ಜಿಗೂ ಹಿಂದೆ
ಕಟ್ಟೆಯಲ್ಲಿ ಪ್ರತಿ ಮನೆಗೂ ಇಷ್ಟಿಷ್ಟು ಅಂತ ಪಾಲು.
ತನ್ನ ಪಾಲು ಇನ್ನು ಕಟ್ಟಲಾರೆ ಅನ್ನುವವನು
ಬಾಯಿಬಿಟ್ಟು ಹೇಳಬೇಕಿರಲಿಲ್ಲ;
ತನ್ನ ಸಲಿಕೆಯನ್ನು ಕಟ್ಟೆಗೆ ನೆಟ್ಟು
ಮಕ್ಕಳನ್ನು ಕರೆದುಕೊಂಡು ನಡೆದುಬಿಡುವುದು.
ಕಿತ್ತವನಿಗೆ ಸಲಿಕೆ, ಹೊಲ, ಮನೆ,
ಕಡಲೂ ಅವನಿಗೇ.
ಯಾರೂ ಕೀಳದೆ ಹೋದರೆ? ಅಂದೆ.
ಹುಡುಗಿ ದಾಟಿಸಿದಳು.
ಗೇಶೆ ಚಾ ಸುರಿದಳು.

ನಾನು ಬಂದು ಹನ್ನೊಂದು ದಿನ.
ತೆಂಕಣ ಮೂಲೆಯಲ್ಲಿ, ನಿನ್ನ ಪಾಲಿನ ಕೊರಕಲಿನ ಹತ್ತಿರ,
ನಿನ್ನ ಗುದ್ದಲಿ ನಿಂತಿದೆ.
ಹಿಡಿಯ ಮೇಲೆ ಮಿಂಚುಳ್ಳಿ ಕೂತು ಕೂತು ಹೋಗುತ್ತದೆ.
ಕಗ್ಗದ ಬೀಜ ಮುಡಿ ಬಿಚ್ಚಿಲ್ಲ ಅಂದಳು ನಿನ್ನ ಹೆಂಡತಿ,
ಸೀಗಡಿ ಗುತ್ತಿಗೆಯವರು ಎರಡು ಸಲ ಬಂದುಹೋದರು ಅಂತಲೂ.
ಮರೆತದ್ದೋ, ನೆಟ್ಟದ್ದೋ?
ನಾನು ಮುಟ್ಟಿಲ್ಲ.
ಮುಟ್ಟಲು ಹೆದರಿಕೆ.

ಹುಣ್ಣಿಮೆಯ ಉಬ್ಬರಕ್ಕೆ ಇನ್ನು ಮೂರು ದಿನ.
ಅಲ್ಲೇ ನಿಲ್ಲಬೇಡ, ಬಾ.
ಫ್ಲಾಸ್ಕಿನಲ್ಲಿ ಚಾ ಇದೆ, ಎರಡು ಲೋಟ ಇದೆ.
ಚಮಚ ತಂದಿಲ್ಲ.